ಮುಗ್ಗಲು ವಾಸನೆಗೆ ಮೂಗೇ ಮೊದಲ ಸಾಕ್ಷಿ

ಮಳೆಗಾಲದಲ್ಲಿ ಬಾಡಿಗೆ ಮನೆ ನೋಡೋಕೆ ಹೋದರೆ ಮಾಲೀಕರ ಬಾಯಲ್ಲಿ ಬರುವ ಮಾತು ಒಂದೇ: ‘ಹೊಸದಾಗಿ ಪೇಂಟ್ ಹೊಡೆಸಿ ಕೊಡ್ತೀವಿ ಬಿಡಿ.’ ಹೆಚ್ಚಿನವರಿಗೆ ಇದು ಖುಷಿಯ ಸುದ್ದಿ. ನನ್ನಂಥವರಿಗೆ ಮಾತ್ರ ಎರಡೆರಡು ಕಷ್ಟ. ಪೇಂಟಿನ ಘಾಟಿಗೆ ತಲೆ ಸಿಡಿಯುತ್ತದೆ. ಗೋಡೆಯಲ್ಲಿ ಬೂಷ್ಟು ಹಿಡಿದಿದ್ದರೆ ಅದರ ವಾಸನೆಯೂ ಆ ಘಾಟಿನಡಿ ಅಡಗಿಬಿಡುತ್ತದೆ.

ಸೆಂಟು, ಫಿನೈಲು, ರೂಮ್ ಫ್ರೆಶ್ನರ್, ಹೊಸ ಪ್ಲೈವುಡ್ಡು... ಇವು ಸ್ವಲ್ಪವೇ ಇದ್ದರೂ ತಲೆನೋವು, ಗಂಟಲು ಕೆರೆತ, ಮಂಕು ಕವಿದಂತಾಗುವುದು ನನ್ನ ಪಾಡು. ಇದನ್ನು ಕೆಮಿಕಲ್ ಸೆನ್ಸಿಟಿವಿಟಿ ಅಂತಾರೆ. ಇದಕ್ಕೆ ಖಚಿತವಾದ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ, ಕಾರಣದ ಬಗ್ಗೆ ವೈದ್ಯರಲ್ಲೂ ಒಮ್ಮತವಿಲ್ಲ. ಹಾಗಾಗಿ ಮನೆಯಲ್ಲಿ ‘ಏನೋ ಮುಗ್ಗಲು ವಾಸನೆ’ ಅಂದರೆ ‘ನಿಂಗೆ ಎಲ್ಲದರಲ್ಲೂ ವಾಸನೆ ಬರುತ್ತೆ’ ಅನ್ನೋ ಉತ್ತರ ಸಿದ್ಧವಾಗಿರುತ್ತದೆ. ಆದರೆ ಬೂಷ್ಟಿನ ವಿಷಯದಲ್ಲಿ ಮೂಗಿನ ಮಾತನ್ನು ಹಾಗೆ ತಳ್ಳಿಹಾಕುವಂತಿಲ್ಲ.

ಬೂಷ್ಟು ಬೆಳೆಯುವಾಗ ಕೆಲವು ಅನಿಲಗಳನ್ನು ಹೊರಬಿಡುತ್ತದೆ. ಅಣಬೆಯಂಥ ವಾಸನೆ ಆಕ್ಟೆನಾಲ್‌ನದು. ಮಣ್ಣಿನಂಥ ವಾಸನೆ ಜಿಯೋಸ್ಮಿನ್‌ನದು. ಮೊದಲ ಮಳೆಗೆ ನೆಲದಿಂದ ಏಳುವ, ನಾವೆಲ್ಲ ಮೂಗರಳಿಸಿ ಎಳೆದುಕೊಳ್ಳುವ ಘಮದಲ್ಲೂ ಇರುವುದು ಇದೇ ಜಿಯೋಸ್ಮಿನ್. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗದಷ್ಟಿದ್ದರೂ ಮನುಷ್ಯರ ಮೂಗು ಇದನ್ನು ಹಿಡಿಯಬಲ್ಲದು. ಬೂಷ್ಟು ವಾರ್ಡ್‌ರೋಬಿನ ಹಿಂದೆ, ಫಾಲ್ಸ್ ಸೀಲಿಂಗ್ ಮೇಲೆ ಬೆಳೆಯುವಾಗ ಕಣ್ಣಿಗೆ ಕಾಣುವುದಿಲ್ಲ, ವಾಸನೆ ಮಾತ್ರ ಸಂದಿಯಿಂದ ಹೊರಗೆ ಬರುತ್ತದೆ.

ಫಿನ್‌ಲ್ಯಾಂಡಿನ ಎಸ್ಪೊ ನಗರದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು 6 ವರ್ಷ ಗಮನಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಬೂಷ್ಟಿನ ವಾಸನೆ ಇದೆ ಎಂದು ಅಪ್ಪ-ಅಮ್ಮ ಮೊದಲೇ ಹೇಳಿದ್ದ ಮಕ್ಕಳಲ್ಲಿ ಆಸ್ತಮಾ ಶುರುವಾಗುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚಿತ್ತು. ಅಲ್ಲಿ ಬಳಸಿದ ಅಳತೆಗೋಲು ದುಬಾರಿ ಯಂತ್ರವಲ್ಲ, ಆ ಮನೆಯವರ ಮೂಗು.

ಮೂಗನ್ನು ಬಳಸೋದಕ್ಕೂ ಒಂದು ಕ್ರಮ ಇದೆ. ಯಾವ ವಾಸನೆಗಾದರೂ ಅದು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ದಿನವಿಡೀ ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಅದಕ್ಕೇ ಏನೂ ಗೊತ್ತಾಗೋದಿಲ್ಲ, ಊರಿಂದ ಬಂದ ಅಮ್ಮ ಬಾಗಿಲಲ್ಲೇ ‘ಏನೇ ಇದು ವಾಸನೆ’ ಅನ್ನುತ್ತಾರೆ. ಎರಡು ದಿನ ಬೀಗ ಹಾಕಿದ್ದ ಮನೆಗೆ ವಾಪಸ್ ಬಂದಾಗ, ಕಿಟಕಿ ತೆಗೆಯುವ ಮುಂಚಿನ ಮೊದಲ ಎರಡು ನಿಮಿಷವೇ ಮುಖ್ಯ. ರೂಮುಗಳ ಬಾಗಿಲು ಒಂದು ಗಂಟೆ ಮುಚ್ಚಿಟ್ಟು, ಒಂದೊಂದನ್ನೇ ತೆಗೆದು ನೋಡಿ. ಮಧ್ಯೆ ಬಾಲ್ಕನಿಗೆ ಹೋಗಿ ಮೂಗಿಗೆ ಬಿಡುವು ಕೊಡಿ. ಅವತ್ತು ಊದುಬತ್ತಿ, ಸೆಂಟು ಬೇಡ.

ವಾಸನೆಗೆ ಹೆಸರಿಡುವುದೂ ಸಹಾಯ ಮಾಡುತ್ತದೆ. ಅದಕ್ಕೆ ಬೇಕಾದ ಪದಗಳು ನಮ್ಮಲ್ಲೇ ಇವೆ. ಹೊಸ ಪೇಂಟು, ಥಿನ್ನರ್ ಆದರೆ ಘಾಟು. ಹಳೇ ಎಣ್ಣೆ ಜಿಡ್ಡಾದರೆ ಕಮಟು. ಒದ್ದೆ ಬಟ್ಟೆಯನ್ನು ಮಡಚಿಟ್ಟಂತಿದ್ದರೆ ಮುಗ್ಗಲು. ಘಾಟು ಮತ್ತು ಮುಗ್ಗಲು ಎರಡೂ ನನಗೆ ತಲೆನೋವು ತರಬಹುದು, ಆದರೆ ಪರಿಹಾರ ಬೇರೆ ಬೇರೆ. ಪೇಂಟಿನ ಘಾಟು ಗಾಳಿಯಾಡಿದರೆ ದಿನಕಳೆದಂತೆ ಇಳಿಯುತ್ತದೆ. ಮುಗ್ಗಲು ಹೋಗಬೇಕಾದರೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಲೇಬೇಕು.

ಇನ್ನು, ‘ಅದು ನಿನ್ನ ಭ್ರಮೆ’ ಅನ್ನುವವರಿಗೆ ಏನು ಹೇಳೋದು? ವಾಸನೆಗೆ ಹೆದರುವವರಿಗೆ ಹೆದರಿಕೆಯಿಂದಲೂ ತಲೆನೋವು ಬರಬಹುದು, ಆ ಸಾಧ್ಯತೆಯನ್ನು ನಾನು ಅಲ್ಲಗಳೆಯೋದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಕರ್ಚೀಫ್ ಪರೀಕ್ಷೆ ಮಾಡಿದೆವು. ವಾಸನೆಯಿಲ್ಲದ ಸೋಪಿನಲ್ಲಿ ಒಗೆದು ಒಣಗಿಸಿದ ನಾಲ್ಕು ಹತ್ತಿ ಕರ್ಚೀಫುಗಳನ್ನು ನನ್ನ ಗಂಡ ನಾಲ್ಕು ಕಡೆ ಇಟ್ಟರು: ವಾರ್ಡ್‌ರೋಬು, ಸಿಂಕ್ ಕೆಳಗಿನ ಕಪಾಟು, ಎಸಿ ಇರುವ ರೂಮು, ಹಾಲ್. ಬೆಳಿಗ್ಗೆ ಬಾಲ್ಕನಿಯಲ್ಲಿ, ಯಾವುದು ಎಲ್ಲಿಯದು ಅಂತ ಹೇಳದೆ, ಒಂದೊಂದಾಗಿ ಕೊಟ್ಟರು. ನಾನು ಮುಖಕ್ಕೆ ಒತ್ತಿಕೊಳ್ಳದೆ, ಒಂದು ಗೇಣು ದೂರದಿಂದ ಮೂಸಿದೆ. ಮೂರು ದಿನ ಹೀಗೇ ಮಾಡಿದೆವು. ಮೂರೂ ದಿನ ನಾನು ಮುಗ್ಗಲು ಅಂದದ್ದು ವಾರ್ಡ್‌ರೋಬಿನದು. ನಾನು ಅತಿಹೆಚ್ಚು ಹೆದರಿದ್ದ ಎಸಿ ರೂಮಿನದು ಒಂದು ದಿನವೂ ಅಲ್ಲ.

ವಾರ್ಡ್‌ರೋಬಿನ ಹಿಂದಿನ ಗೋಡೆಯ ಆಚೆಗೆ ಬಾತ್‌ರೂಮ್. ಬಟ್ಟೆ ಖಾಲಿ ಮಾಡಿ ಟಾರ್ಚ್ ಬಿಟ್ಟಾಗ ಹಿಂಬದಿಯ ಪ್ಲೈವುಡ್ ಉಬ್ಬಿತ್ತು, ಕೆಳಗೆ ಅಂಗೈಯಗಲ ಕಪ್ಪು ಚುಕ್ಕೆಗಳಿದ್ದವು. ಪ್ಲಂಬರ್ ಬಂದು ನೋಡಿದರೆ ಶವರ್ ಪೈಪಿನ ಜಾಯಿಂಟ್ ಸೋರುತ್ತಿತ್ತು. ‘ನಿಂಗೆ ಎಲ್ಲದರಲ್ಲೂ ವಾಸನೆ’ ಅನ್ನೋ ಮಾತು ಅಲ್ಲಿಗೆ ನಿಂತಿತು. ಎಸಿ ಹಾಕಿದರೆ ಸಾಕು ತಲೆನೋವು ಅನ್ನೋ ನನ್ನ ಭಯವೂ ಅರ್ಧಕ್ಕರ್ಧ ಇಳಿಯಿತು.

ಬೂಷ್ಟು ಸಿಕ್ಕ ಮೇಲೆ ಮೊದಲು ಸೋರಿಕೆ ನಿಲ್ಲಿಸಬೇಕು. ನೆನೆದ ವಸ್ತುವಿನ ಮೇಲೆ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು, ಹಾಗಾಗಿ ಒಣಗಿಸುವುದರಲ್ಲಿ ತಡ ಬೇಡ. ಟೈಲ್ಸ್, ಗಾಜಿನಂಥ ಗಟ್ಟಿ ಜಾಗವನ್ನು ಸೋಪು ನೀರಿನಲ್ಲಿ ಉಜ್ಜಿ ಒಣಗಿಸಿದರೆ ಸಾಕು. ಉಬ್ಬಿದ ಪ್ಲೈವುಡ್, ಬೂಷ್ಟು ಹಿಡಿದ ಹಾಸಿಗೆ ಉಳಿಸಿಕೊಳ್ಳುವ ಆಸೆ ಬಿಡಿ. ಸುಮಾರು 10 ಚದರ ಅಡಿಗಿಂತ ಕಡಿಮೆ ಜಾಗವಾದರೆ ಮನೆಯವರೇ ಮಾಡಬಹುದು ಅನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಎನ್‌95 ಮಾಸ್ಕು, ಗ್ಲೌಸು ಇರಲಿ. ಸೆನ್ಸಿಟಿವಿಟಿ ಇರುವವರು ಆ ಹೊತ್ತು ಮನೆಯಿಂದ ಹೊರಗಿರಿ. ಬ್ಲೀಚನ್ನು ಟಾಯ್ಲೆಟ್ ಆಸಿಡ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಏರ್ ಪ್ಯೂರಿಫೈಯರ್‌ನ ಹೆಪಾ ಫಿಲ್ಟರ್ ಬೂಷ್ಟಿನ ಕಣಗಳನ್ನು ಹಿಡಿಯಬಹುದು, ವಾಸನೆಯ ಅನಿಲಗಳನ್ನಲ್ಲ. ನುಸಿಗುಳಿಗೆ, ಫ್ರೆಶ್ನರ್ ಇಟ್ಟರಂತೂ ಮುಗ್ಗಲಿನ ಮೇಲೆ ಇನ್ನೊಂದು ಘಾಟು, ಅಷ್ಟೇ.

ಮೂಗು ಸಾಕ್ಷಿ ಹೇಳುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಎಷ್ಟು ಬೂಷ್ಟಿದೆ, ಅದು ಎಂಥದ್ದು, ನಮ್ಮ ತಲೆನೋವಿಗೆ ಅದೇ ಕಾರಣವೇ ಎಂಬುದು ವಾಸನೆಯಿಂದ ಗೊತ್ತಾಗೋದಿಲ್ಲ. ವಾಸನೆ ಇಲ್ಲ ಅಂದಮಾತ್ರಕ್ಕೆ ಬೂಷ್ಟಿಲ್ಲ ಅಂತಲೂ ಅಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕ ಒಂದನ್ನು ಗೋಡೆ ಹತ್ತಿರ ಇಡಿ. ಅದು ದಿನಗಟ್ಟಲೆ ಶೇ 60ರ ಮೇಲೇ ಇದ್ದರೆ ಮಂಚ, ಬೀರುಗಳನ್ನು ಗೋಡೆಯಿಂದ ಒಂದಿಷ್ಟು ಈಚೆಗೆ ಎಳೆದು ಗಾಳಿಯಾಡಲು ಬಿಡಿ. ಉಬ್ಬಸ, ಎದೆ ಬಿಗಿತ, ರಾತ್ರಿ ಕೆಮ್ಮು ಇದ್ದರೆ ಸೆನ್ಸಿಟಿವಿಟಿ ಅಂತ ನೀವೇ ನಿರ್ಧರಿಸದೆ ವೈದ್ಯರ ಹತ್ತಿರ ಹೋಗಿ. ಆಸ್ತಮಾ ಮತ್ತು ಬೂಷ್ಟಿನ ಅಲರ್ಜಿಗೆ ಪರೀಕ್ಷೆಯೂ ಇದೆ, ಔಷಧಿಯೂ ಇದೆ.

ಮನೆಯಲ್ಲಿ ಯಾರಾದರೂ ‘ಮುಗ್ಗಲು ವಾಸನೆ’ ಅಂದರೆ ಅವರ ಜೊತೆ ವಾದಕ್ಕಿಳಿಯಬೇಡಿ. ನಾಲ್ಕು ಕರ್ಚೀಫು ಒಗೆದು ಒಣಗಿಸಿ.