ಬಾಗಿಲಲ್ಲಿ ನಿಂತ ಮಗು

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳ ಕೈಯಲ್ಲಿರುವ ಕಥೆಪುಸ್ತಕಗಳನ್ನು ಮನೆಯ ಹಿರಿಯರು ತೆರೆದು ನೋಡುವುದು ವಿರಳ. ನೋಡಿದವರು ಗಾಬರಿಗೊಳ್ಳುವುದೂ ಉಂಟು. ಕೊಗನೊಳ್ಳಿಯ ತಾಯಿಯೊಬ್ಬರು, ಹತ್ತನೆಯ ತರಗತಿಯ ಮಗಳು ಓದುತ್ತಿರುವ ‘ದಿ ಫಿಫ್ತ್ ವೇವ್’ ಎಂಬ ಮಾಲೆಯನ್ನು ಅವಳಿಗೆ ಓದಗೊಡಬೇಕೆ, ಬೇಡವೆ ಎಂದು ನಮ್ಮನ್ನು ಕೇಳಿದ್ದಾರೆ. ಮೊದಲ ಸಂಪುಟವನ್ನು ಊಟ ಮರೆತು ಓದಿದ ಹುಡುಗಿ ಎರಡನೆಯದನ್ನು ಅರ್ಧಕ್ಕೇ ಮುಚ್ಚಿಟ್ಟಳಂತೆ. ನಾವು ಮೂರೂ ಸಂಪುಟಗಳನ್ನು ತರಿಸಿ ಓದಿದೆವು.

ಮಾಲೆಯ ಕರ್ತೃ ಅಮೆರಿಕದ ರಿಕ್ ಯಾನ್ಸಿ. ಲೇಖಕರಾಗುವ ಮೊದಲು ಅವರು ಅಲ್ಲಿಯ ಸರ್ಕಾರದ ತೆರಿಗೆ ವಸೂಲಿ ಅಧಿಕಾರಿಯಾಗಿದ್ದವರು. ಬಾಗಿಲು ತೆರೆದವರ ಮುಖದಲ್ಲಿ ಮೂಡುವ ಸಂಶಯವನ್ನು ಅವರು ಬಲ್ಲವರಾಗಿದ್ದರೆ ಆಶ್ಚರ್ಯವಿಲ್ಲ! 2013ರಲ್ಲಿ ಮೊದಲ ಸಂಪುಟ, 2014ರಲ್ಲಿ ‘ದಿ ಇನ್‌ಫಿನಿಟ್ ಸೀ’ ಎಂಬ ಎರಡನೆಯದು, 2016ರಲ್ಲಿ ‘ದಿ ಲಾಸ್ಟ್ ಸ್ಟಾರ್’ ಎಂಬ ಮೂರನೆಯದು ಪ್ರಕಟವಾದವು. ಮೊದಲ ಸಂಪುಟವು 2016ರಲ್ಲಿ ಚಲನಚಿತ್ರವೂ ಆಯಿತು.

ಅನ್ಯಗ್ರಹದವರು ಭೂಮಿಯ ಮೇಲೆ ಅಲೆ ಅಲೆಯಾಗಿ ದಾಳಿಯಿಡುತ್ತಾರೆ. ಮೊದಲು ವಿದ್ಯುತ್ತು ನಿಲ್ಲುತ್ತದೆ, ಬಳಿಕ ಕಡಲು ಉಕ್ಕುತ್ತದೆ, ಮೂರನೆಯದು ಮಹಾಮಾರಿ. ನಾಲ್ಕನೆಯ ಅಲೆಯಲ್ಲಿ ಶತ್ರುವು ಮನುಷ್ಯರೂಪದಲ್ಲಿಯೇ ನಡುವೆ ಸುಳಿದಾಡುತ್ತಾನೆ. ಅಲ್ಲಿಂದ ಮುಂದೆ ಯಾರು ನಮ್ಮವರು, ಯಾರು ಅಲ್ಲ ಎಂಬುದು ಯಾರಿಗೂ ತಿಳಿಯದು. ಕ್ಯಾಸಿ ಎಂಬ ಹದಿಹರೆಯದ ಹುಡುಗಿ ಹಾಳುಬಿದ್ದ ಅಂಗಡಿಯೊಂದರಲ್ಲಿ ಗಾಯಗೊಂಡ ಸೈನಿಕನನ್ನು ಕಾಣುತ್ತಾಳೆ. ಅವನ ಕೈಯಲ್ಲಿ ಏನೋ ಹೊಳೆಯುತ್ತದೆ. ಆಯುಧವೆಂದು ಬಗೆದು ಅವಳು ಗುಂಡು ಹಾರಿಸುತ್ತಾಳೆ. ಅವನು ಹಿಡಿದಿದ್ದುದು ಶಿಲುಬೆ. ಆ ಒಂದು ಕೃತ್ಯವು ಮೊದಲ ಸಂಪುಟದುದ್ದಕ್ಕೂ ಅವಳನ್ನು ಬಿಡದೆ ಕಾಡುತ್ತದೆ. ಮಕ್ಕಳ ಪುಸ್ತಕವಾದರೂ ಈ ಭಾಗ ಹಿರಿಯರೂ ಓದತಕ್ಕದ್ದು.

ಎರಡನೆಯ ಸಂಪುಟದ ಆರಂಭವೂ ಅಷ್ಟೇ ಬಲವಾಗಿದೆ. ಗೋಧಿಯ ಹೊಲದೊಳಗಿಂದ ಪುಟ್ಟ ಮಗುವೊಂದು ಬದುಕುಳಿದವರ ಗುಂಪಿನ ಬಳಿಗೆ ಬರುತ್ತದೆ. ಆ ಮಗುವಿನ ಗಂಟಲಲ್ಲಿ ಶತ್ರುಗಳು ಸಿಡಿಮದ್ದನ್ನು ಅಡಗಿಸಿರುತ್ತಾರೆ. ಮನುಷ್ಯರ ಉಸಿರಿನ ಇಂಗಾಲದ ಡೈಆಕ್ಸೈಡ್ ತಗುಲಿದೊಡನೆ ಅದು ಸಿಡಿಯುತ್ತದೆ. ಮಗುವನ್ನು ಬಳಿಗೆ ಕರೆದವರೇ ಸಾಯುವರು. ಕರುಣೆಯನ್ನೇ ಕೊಲ್ಲುವ ಆಯುಧವಾಗಿಸುವ ಈ ಕಲ್ಪನೆ ಕ್ರೂರವಾದುದು, ಆದರೆ ಪೊಳ್ಳಲ್ಲ.

ಗಡಿಯ ಜನರಾದ ನಮಗೆ ಇದು ಕೇವಲ ಕಲ್ಪನೆಯಾಗಿ ಉಳಿದಿಲ್ಲ. 2021ರಲ್ಲಿ ಮಹಾರಾಷ್ಟ್ರದಿಂದ ಬರುವವರು ಕೊರೊನಾ ಇಲ್ಲವೆಂಬ ಆರ್‌ಟಿ-ಪಿಸಿಆರ್ ವರದಿಯನ್ನು ತೋರಿಸದೆ ಕೊಗನೊಳ್ಳಿಯ ಚೆಕ್‌ಪೋಸ್ಟ್ ದಾಟುವಂತಿರಲಿಲ್ಲ. ಅತ್ತ ಕಾಗಲ, ಕೊಲ್ಹಾಪುರ, ಇತ್ತ ನಿಪ್ಪಾಣಿ. ಹೆಣ್ಣು ಕೊಟ್ಟು ತಂದ ಮನೆಗಳು ಎರಡೂ ಕಡೆಗೆ ಇವೆ. ಬೀಗರ ಉಸಿರಿಗೂ ಅಂಜಿದ ದಿನಗಳವು. ತವರಿಗೆ ಬಂದ ಮಗಳನ್ನು ಒಳಗೆ ಕರೆಯಲು ಹಿಂದೆಮುಂದೆ ನೋಡಿದ ಮನೆಗಳು ನಮ್ಮಲ್ಲಿಯೂ ಇದ್ದವು; ಏನಾದರಾಗಲಿ ಎಂದು ಬಾಗಿಲು ತೆರೆದ ಮನೆಗಳೂ ಇದ್ದವು. ಯಾರು ಸರಿಯೆಂದು ಹೇಳುವುದು ಇಂದಿಗೂ ಸುಲಭವಲ್ಲ. ಬಂದ ಅತಿಥಿಯ ಉಸಿರೇ ಅಪಾಯವೆಂಬ ಸ್ಥಿತಿಯಲ್ಲಿ ದಾಸೋಹವನ್ನು ಹೇಗೆ ನಡೆಸಬೇಕು? ಏಳು ವರ್ಷ ಮೊದಲೇ ಇಂಥ ಪ್ರಶ್ನೆಯನ್ನೆತ್ತಿದ ಪುಸ್ತಕವು ಅದನ್ನು ಬಿಡಿಸಲು ಯತ್ನಿಸುವುದೆಂದು ನಾವು ಆಸೆಯಿಂದ ಪುಟ ತಿರುವಿದೆವು.

ನಿರಾಶೆಯಾದುದು ಅಲ್ಲಿಯೇ. ಕ್ಯಾಸಿ ಮತ್ತು ಅವಳ ಸಂಗಡಿಗರು ಇಲಿಗಳು ತುಂಬಿದ ಹಾಳು ಹೋಟೆಲಿನಲ್ಲಿ ಕಾಯುತ್ತಾರೆ, ಜಗಳವಾಡುತ್ತಾರೆ, ಮತ್ತೆ ಕಾಯುತ್ತಾರೆ. ಕಥೆ ನಿಂತ ನೀರಾಗುತ್ತದೆ. ರಿಂಗರ್ ಎಂಬ ಹುಡುಗಿ ಶತ್ರುವೆಂದು ಭಾವಿಸಿ ತನ್ನ ಗುಂಪಿನ ಟೀಕಪ್ ಎಂಬ ಎಳೆಯಳಿಗೇ ಗುಂಡು ಹೊಡೆಯುತ್ತಾಳೆ. ಅಂಗಡಿಯ ಸೈನಿಕನ ಪ್ರಸಂಗವೇ ಮರುಕಳಿಸಿತೆನ್ನಬೇಕು. ಈ ಸಲವಂತೂ ಏಟು ತಿಂದವಳು ಕೂಸು. ಆದರೆ ಲೇಖಕರು ಅಲ್ಲಿ ನಿಲ್ಲುವುದಿಲ್ಲ. ರಿಂಗರಳನ್ನು ವೈರಿಗಳ ಸೆರೆಗೆ ತಳ್ಳಿ, ಅವಳ ದೇಹದೊಳಗೆ ಯಂತ್ರಗಳನ್ನು ತುಂಬಿ, ಅವಳನ್ನು ಅಮಾನುಷ ಬಲದವಳನ್ನಾಗಿಸುವುದರಲ್ಲಿ ಪುಸ್ತಕದ ಬಹುಭಾಗ ಕಳೆಯುತ್ತದೆ. ಟೀಕಪ್ ಅವಳನ್ನು ಹೆದರಿಸಿ ಬಗ್ಗಿಸುವ ದಾಳವಾಗುತ್ತಾಳೆ. ಬಾಗಿಲಲ್ಲಿ ನಿಂತ ಮಗುವನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಹೊಡೆದಾಟಗಳು ನುಂಗಿಬಿಡುತ್ತವೆ. ದಾಳಿಕಾರರು ನಿಜಕ್ಕೂ ಯಾರೆಂಬ ಒಗಟಿಗೆ ಕೊನೆಯಲ್ಲೊಂದು ತಿರುವು ಕೊಟ್ಟಿದ್ದಾರೆ, ಅದು ಜಾಣತನದ್ದು. ಆದರೆ ತಡವಾಗಿ ಬಂದಿದೆ.

ನಡುವಿನ ಸಂಪುಟವೆಂದರೆ ಹೀಗೆಯೇ ಇರುವುದು ಎಂದು ಕೆಲವರು ಸಮಾಧಾನ ಹೇಳಬಹುದು. ನಾವು ಒಪ್ಪೆವು. ಇಂಗ್ಲೆಂಡಿನ ಜಾನ್ ಕ್ರಿಸ್ಟೋಫರ್ ಅವರ ‘ಟ್ರೈಪಾಡ್ಸ್’ ಮಾಲೆಯೂ ಅನ್ಯಗ್ರಹದವರ ಆಳ್ವಿಕೆಯನ್ನು ಕುರಿತದ್ದೇ. ಅದರ ನಡುವಿನ ಸಂಪುಟ ‘ದಿ ಸಿಟಿ ಆಫ್ ಗೋಲ್ಡ್ ಅಂಡ್ ಲೆಡ್’ 1967ರಲ್ಲಿ ಹೊರಬಂದಿತು. ಅಲ್ಲಿ ವಿಲ್ ಎಂಬ ಹುಡುಗ ಶತ್ರುಗಳ ನಗರವನ್ನೇ ಹೊಕ್ಕು ಒಬ್ಬ ಒಡೆಯನ ಆಳಾಗಿ ದುಡಿಯುತ್ತಾನೆ. ಒಡೆಯನಿಗೆ ಹುಡುಗನ ಮೇಲೆ ಒಂದು ಬಗೆಯ ಅಕ್ಕರೆ. ಅದೇ ಒಡೆಯನ ಬಾಯಿಂದ, ಭೂಮಿಯ ಗಾಳಿಯನ್ನೇ ವಿಷವಾಗಿಸುವ ಹಂಚಿಕೆ ತಿಳಿದುಬರುತ್ತದೆ. ಅಕ್ಕರೆ ತೋರುವವನೂ ನಮ್ಮ ನಾಶವನ್ನು ಬಯಸಬಲ್ಲನೆಂಬ ಅರಿವು ಎಳೆಯ ಓದುಗನಿಗೆ ಆಗುವುದು ಈ ನಡುವಿನ ಸಂಪುಟದಲ್ಲಿಯೇ.

ನಮ್ಮ ಶೂನ್ಯಸಂಪಾದನೆಯನ್ನು ಈ ಪುಸ್ತಕಗಳ ಸಾಲಿನಲ್ಲಿ ಇಡುವುದು ನಮ್ಮ ಉದ್ದೇಶವಲ್ಲ. ಆದರೂ ಒಂದು ಮಾತು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಸುಲಭವಾಗಿ ಬರಮಾಡಿಕೊಳ್ಳಲಿಲ್ಲ, ಕಠಿಣವಾದ ಪ್ರಶ್ನೆಗಳನ್ನು ಕೇಳಿದರು. ಅಕ್ಕ ಒಂದೊಂದಕ್ಕೂ ಉತ್ತರವಿತ್ತಳು. ಬಂದವಳನ್ನು ಪರೀಕ್ಷಿಸಿದರು, ಆದರೆ ಹೊರಗಟ್ಟಲಿಲ್ಲ. ಕೊನೆಗೆ ಶರಣರೆಲ್ಲ ಅವಳಿಗೆ ತಲೆಬಾಗಿದರು. ಸಂಶಯಕ್ಕೂ ಸ್ವಾಗತಕ್ಕೂ ನಡುವೆ ಮಾತೆಂಬುದೊಂದು ಇದೆ. ಯಾನ್ಸಿಯವರ ಎರಡನೆಯ ಸಂಪುಟದಲ್ಲಿ ಕೇಳುವ, ಉತ್ತರಿಸುವ ಆ ತಾಳ್ಮೆ ಕಾಣಲಿಲ್ಲ.

ಇನ್ನು, ಓದಗೊಡಬೇಕೆ ಎಂಬ ಪ್ರಶ್ನೆ. ಹತ್ತನೆಯ ತರಗತಿಯವರು ಓದಬಹುದು. ಹಿಂಸೆ ಬಹಳವಿರುವುದರಿಂದ ಅವರಿಗಿಂತ ಚಿಕ್ಕವರಿಗೆ ಬೇಡ. ಎರಡನೆಯದು ಬೇಸರ ತಂದಿತೆಂದು ಮಾಲೆಯನ್ನು ಕೈಬಿಡುವುದೂ ಬೇಡ, ಮೂರನೆಯದರಲ್ಲಿ ಕ್ಯಾಸಿ ತನ್ನ ಸ್ಥಾನಕ್ಕೆ ಮರಳುತ್ತಾಳೆ. ಅದರ ಕೊನೆಯನ್ನು ಇಲ್ಲಿ ಹೇಳಿ ಮಕ್ಕಳ ಸಿಟ್ಟಿಗೆ ಗುರಿಯಾಗಲಾರೆವು. ತಂದೆತಾಯಿಗಳು ಬೇರೇನನ್ನೂ ಓದದಿದ್ದರೂ ಗೋಧಿಯ ಹೊಲದ ಆ ಕೆಲವು ಪುಟಗಳನ್ನು ಮಕ್ಕಳಿಂದಲೇ ಕನ್ನಡದಲ್ಲಿ ಹೇಳಿಸಿಕೊಳ್ಳಲಿ. ನೀನಾಗಿದ್ದರೆ ಆ ಮಗುವನ್ನು ಒಳಗೆ ಕರೆಯುತ್ತಿದ್ದೆಯಾ ಎಂದು ಕೇಳಲಿ. 2021ರಲ್ಲಿ ತಮ್ಮ ಮನೆಯ ಬಾಗಿಲಲ್ಲಿ ಏನು ನಡೆಯಿತೆಂಬುದನ್ನೂ ಮುಚ್ಚುಮರೆಯಿಲ್ಲದೆ ಅವರಿಗೆ ಹೇಳಲಿ.