ಲೆಕ್ಕ ಸರಿ, ಊಹೆ ತಪ್ಪು

ಬಿ.ಇ. ಪರೀಕ್ಷೆಯ ಹಿಂದಿನ ವಾರ ಗೆಳೆಯನೊಬ್ಬ ‘ಜಗತ್ತೇ ಮುಗಿಯುತ್ತಂತೆ, ಓದಿ ಏನು ಮಾಡ್ತೀಯ?’ ಎಂದು ವಿಡಿಯೊ ತೋರಿಸಿದ. ನಾನು ನಂಬಲಿಲ್ಲ. ಆದರೂ ಅಂದು ರಾತ್ರಿ ಪುಸ್ತಕ ಮುಟ್ಟದೆ ಅಂಥವೇ ವಿಡಿಯೊ ನೋಡುತ್ತಾ ಕುಳಿತೆ.

ಅಮೆರಿಕದ ರೈತ, ಬೋಧಕ ವಿಲಿಯಂ ಮಿಲ್ಲರ್ ಬೈಬಲಿನ ದಾನಿಯೇಲನ ಗ್ರಂಥದ 2,300 ದಿನಗಳನ್ನು ವರ್ಷಗಳೆಂದು ಓದಿದರು. ಕ್ರಿ.ಪೂ. 457ರಿಂದ ಎಣಿಸಿ ಕ್ರಿಸ್ತನ ಪುನರಾಗಮನದ ಕಾಲ ಹೇಳಿದರು. ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನವೇ ಗೊತ್ತಾಯಿತು. ಕೆಲವರು ಬೆಳೆ ಕೊಯ್ಯದೆ ಕಾದರು. ಮರುದಿನವೂ ಸೂರ್ಯ ಹುಟ್ಟಿದ. 2011ರಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಎಂದರು, ಆಮೇಲೆ ಅಕ್ಟೋಬರ್ 21 ಎಂದರು. ಮರುವರ್ಷ ತಪ್ಪೊಪ್ಪಿಕೊಂಡರು.

ಮಿಲ್ಲರ್ ಕೂಡಿಸಿದ್ದರಲ್ಲಿ ದೋಷವಿರಲಿಲ್ಲ. ದಿನವೆಂದರೆ ವರ್ಷ ಎಂಬ ಊಹೆ ನಿಲ್ಲಲಿಲ್ಲ. ಊಹೆ ತಪ್ಪಿದರೆ ಉತ್ತರವೂ ತಪ್ಪು ಎಂಬುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಹೊಸತಲ್ಲ.

ಆ ದಿನ, ಗಳಿಗೆ ಯಾರಿಗೂ ತಿಳಿಯದು ಎಂದು ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯವೇ ಹೇಳುತ್ತದೆ. ಯಜಮಾನ ಬಂದಾಗ ಕೆಲಸ ಮಾಡುತ್ತಿದ್ದ ಆಳನ್ನೇ ಅದು ಮೆಚ್ಚುತ್ತದೆ. ನಂಬುವವರಿಗೂ ನಂಬದವರಿಗೂ ಈ ಮಾತು ಸಾಕು.

ಜಗತ್ತು ಮುಗಿಯಲಿಲ್ಲ. ನನಗೆ ಒಂದು ವಿಷಯ ಮಾತ್ರ ಬಾಕಿ ಉಳಿಯಿತು.