ಅನುಗ್ರಹದ ಲೆಕ್ಕ

ಮರಾಠಿ ಸರ್ಕಾರಿ ಕಾಗದಗಳನ್ನು ಕನ್ನಡಕ್ಕೆ ತರುವ ಕೆಲಸ ಆಗಾಗ ನನ್ನ ಮೇಜಿಗೆ ಬರುತ್ತದೆ. ಅವುಗಳಲ್ಲಿ ಪದೇಪದೇ ಎದುರಾಗುವ ಒಂದು ಮಾತು ‘ಸಾನುಗ್ರಹ ಅನುದಾನ’. ದುರಂತದಲ್ಲಿ ಯಾರಾದರೂ ಸತ್ತಾಗ ಅವರ ಮನೆಯವರಿಗೆ ಸರ್ಕಾರ ಕೊಡುವ ದುಡ್ಡಿಗೆ ಇಲ್ಲಿ ಇರುವ ಹೆಸರು ಇದು. ಸ-ಅನುಗ್ರಹ, ಅಂದರೆ ಕೃಪೆ ಮಾಡಿ ಕೊಟ್ಟದ್ದು. ಇಂಗ್ಲಿಷಿನವರ ‘ಎಕ್ಸ್ ಗ್ರೇಷಿಯಾ’ ಕೂಡ ಲ್ಯಾಟಿನ್ನಿನಲ್ಲಿ ಕೃಪೆಯೇ. ನಾವು ಕನ್ನಡದಲ್ಲಿ ಎಲ್ಲವನ್ನೂ ಸೇರಿಸಿ ‘ಪರಿಹಾರ’ ಅಂದುಬಿಡುತ್ತೇವೆ. ಗಣಿತದ ಲೆಕ್ಕಕ್ಕೂ ಪರಿಹಾರ, ಶನಿಕಾಟಕ್ಕೂ ಪರಿಹಾರ, ಮಗ ಸತ್ತರೂ ಪರಿಹಾರ. ಚೆಕ್ ಕೊಟ್ಟ ಮೇಲೆ ಸಮಸ್ಯೆ ಮುಗಿಯಿತು ಎಂಬ ಧ್ವನಿ ಈ ಪದದಲ್ಲೇ ಇದೆ.

ಆದರೂ ಮರಾಠಿಯ ಪದವೇ ಹೆಚ್ಚು ಪ್ರಾಮಾಣಿಕ ಎಂದು ನನಗೆ ಅನ್ನಿಸುತ್ತದೆ. ವ್ಯವಹಾರ ನಡೆಯುವುದು ಹಾಗೆಯೇ. ಅನುಗ್ರಹ ಮಾಡುವವರು ದೇವರು, ಗುರುಗಳು, ಮಠದ ಸ್ವಾಮಿಗಳು. ಯಾರಿಗೆ ಎಷ್ಟು ಎನ್ನುವುದು ಅವರ ಚಿತ್ತ. ಅನುಗ್ರಹ ಕಮ್ಮಿಯಾಯಿತು ಅಂತ ಯಾರೂ ಕೋರ್ಟಿಗೆ ಹೋಗುವುದಿಲ್ಲ.

ಒಂದೇ ರಾಜ್ಯದ ಮೂರು ಮೊತ್ತಗಳನ್ನು ನೋಡಿ. 2010ರ ಫೆಬ್ರವರಿ 13, ಶನಿವಾರ ಸಂಜೆ, ಪುಣೆಯ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬ್ ಸಿಡಿದು 17 ಜನ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು, ಓದಲು ಬಂದವರು, ಹೊಸದಾಗಿ ಕೆಲಸಕ್ಕೆ ಸೇರಿದವರು, ವಿದೇಶಿಯರೂ ಇದ್ದರು. ಮೃತರ ಕುಟುಂಬಕ್ಕೆ ರಾಜ್ಯ ಸರ್ಕಾರ ಘೋಷಿಸಿದ್ದು 5 ಲಕ್ಷ. 2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಆರು ಮಂದಿ ಮಹಾರಾಷ್ಟ್ರದವರು, ಇಬ್ಬರು ನಮ್ಮ ಪುಣೆಯವರು. ಒಂದೇ ವಾರದಲ್ಲಿ ಮುಖ್ಯಮಂತ್ರಿ ಫಡಣವೀಸ್ ಪ್ರತಿ ಕುಟುಂಬಕ್ಕೆ 50 ಲಕ್ಷ ಘೋಷಿಸಿದರು, ಸರ್ಕಾರಿ ಕೆಲಸದ ಭರವಸೆಯನ್ನೂ ಕೊಟ್ಟರು. ಅದೇ ವರ್ಷ ಜುಲೈ 31ರಂದು, 2008ರ ಮಾಲೇಗಾಂವ್ ಸ್ಫೋಟದ ಏಳೂ ಆರೋಪಿಗಳನ್ನು ಮುಂಬೈಯ ವಿಶೇಷ ಎನ್‌ಐಎ ನ್ಯಾಯಾಲಯ ಖುಲಾಸೆ ಮಾಡಿತು. ಸತ್ತ ಆರು ಜನರ ಕುಟುಂಬಗಳಿಗೆ ತಲಾ 2 ಲಕ್ಷ, ಗಾಯಗೊಂಡವರಿಗೆ 50 ಸಾವಿರ ಕೊಡಿ ಎಂದು ಸರ್ಕಾರಕ್ಕೆ ಹೇಳಿತು. ಹದಿನೇಳು ವರ್ಷ ಕಾದ ಮೇಲೆ ಎರಡು ಲಕ್ಷ.

ಪಹಲ್ಗಾಮಿನ ಕುಟುಂಬಗಳಿಗೆ ಹೆಚ್ಚು ಸಿಕ್ಕಿತು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಸಿಕ್ಕಿದ್ದು ಸರಿಯಾಗಿಯೇ ಇದೆ. ಯಾಕೆ ಎನ್ನುವುದಕ್ಕೆ ಮುಂದೆ ಲೆಕ್ಕ ಕೊಡುತ್ತೇನೆ. ನನ್ನ ಪ್ರಶ್ನೆ ಬೇರೆ. ಅದೇ ಹುಲ್ಲುಗಾವಲಿನಲ್ಲಿ ಸತ್ತ ಕನ್ನಡಿಗರ ಕುಟುಂಬಗಳಿಗೆ ಸಿದ್ದರಾಮಯ್ಯನವರ ಸರ್ಕಾರ ಘೋಷಿಸಿದ್ದು 10 ಲಕ್ಷ. ಜಮ್ಮು-ಕಾಶ್ಮೀರ ಸರ್ಕಾರ ಎಲ್ಲರಿಗೂ ಸಮನಾಗಿ ಇನ್ನೊಂದು 10 ಲಕ್ಷ ಹೇಳಿತು. ಅಂದರೆ ಒಂದೇ ದಿನ, ಒಂದೇ ಜಾಗ, ಒಂದೇ ಬಂದೂಕು; ಪುಣೆಯ ಮನೆಗೆ ಒಂದು ಮೊತ್ತ, ಶಿವಮೊಗ್ಗದ ಮನೆಗೆ ಅದರ ಮೂರನೇ ಒಂದು ಪಾಲು. ವ್ಯತ್ಯಾಸ ಮಾಡಿದ್ದು ಆಧಾರ್ ಕಾರ್ಡಿನ ವಿಳಾಸ.

ಈ ವಿಳಾಸದ ಪ್ರಶ್ನೆ ನಮ್ಮಂಥವರಿಗೆ ಸುಮ್ಮನೆ ಕುತೂಹಲದ್ದಲ್ಲ. ನನ್ನ ಆಧಾರ್ ಪುಣೆಯದು, ವೋಟು ಇನ್ನೂ ವಿಜಯಪುರದಲ್ಲಿದೆ. ಈ ಪತ್ರ ಓದುವ ನಿಮ್ಮಲ್ಲಿ ಎಷ್ಟೋ ಜನ ಹೀಗೇ ಇರಬಹುದು: ಊರು ಒಂದು ಕಡೆ, ಬಾಡಿಗೆ ಮನೆ ಇನ್ನೊಂದು ಕಡೆ. ಕಾಶ್ಮೀರಕ್ಕೋ ಅಮೃತಸರಕ್ಕೋ ಹೋದಾಗ ನಮಗೆ ಏನಾದರೂ ಆದರೆ ನಾವು ಯಾವ ಮುಖ್ಯಮಂತ್ರಿಯ ‘ನಮ್ಮವರು’? ಇಬ್ಬರೂ ನಮ್ಮವರು ಅನ್ನಬಹುದು, ಇಬ್ಬರೂ ಅನ್ನದೆಯೂ ಇರಬಹುದು. ಅದು ಆ ವಾರದ ಟಿವಿಯ ಮೇಲೆ, ಹತ್ತಿರದಲ್ಲಿ ಚುನಾವಣೆ ಇದೆಯೇ ಎನ್ನುವುದರ ಮೇಲೆ ಹೋಗುತ್ತದೆ.

ಕೇಂದ್ರದ್ದೊಂದು ಯೋಜನೆ ಇದೆ. ಭಯೋತ್ಪಾದನೆ, ಕೋಮು ಮತ್ತು ನಕ್ಸಲ್ ಹಿಂಸೆಗೆ ತುತ್ತಾದ ನಾಗರಿಕರಿಗೆ 2008ರ ಏಪ್ರಿಲ್‌ನಿಂದ ಜಾರಿಯಲ್ಲಿರುವಂಥದ್ದು. ಆಗ 3 ಲಕ್ಷ ಇತ್ತು, 2016ರಲ್ಲಿ 5 ಲಕ್ಷ ಆಯಿತು. ನಡುವಿನ ಎಂಟು ವರ್ಷ ಬೇಳೆ, ಶಾಲೆ ಫೀಸು, ಆಸ್ಪತ್ರೆ ಬಿಲ್ಲು ಎಲ್ಲ ಏರಿದವು, ಇದು ಮಾತ್ರ ಅಲ್ಲೇ ನಿಂತಿತ್ತು. ಬದುಕಿ ಉಳಿದವರಿಗಾದರೆ ಶೇ. 50ರಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರಬೇಕು. ಸ್ಫೋಟದಲ್ಲಿ ಒಂದು ಕಿವಿಯ ತಮಟೆ ಹರಿದವರು, ರಾತ್ರಿ ನಿದ್ದೆ ಬಾರದವರು ಈ ಲೆಕ್ಕದೊಳಗೆ ಬರುವುದು ಕಷ್ಟ. ಯೋಜನೆಯ ಹೆಸರಿನಲ್ಲೂ ಇರುವುದು ‘ಸಹಾಯ’.

ಈಗ ಇದನ್ನು ರಸ್ತೆ ಅಪಘಾತದ ಪಕ್ಕ ಇಟ್ಟು ನೋಡಿ. ಮೋಟಾರು ವಾಹನ ಕಾಯ್ದೆಯ 168ನೇ ಕಲಂ ನ್ಯಾಯಮಂಡಳಿಗೆ ಹೇಳುವುದು, ‘ನ್ಯಾಯಯುತ’ ಎಂದು ತೋರುವ ಮೊತ್ತವನ್ನು ಕೊಡಿಸಿ ಅಂತ. ಭಾಷೆ ಓದಿದವಳಿಗೆ ಈ ಒಂದು ವಿಶೇಷಣ ದೊಡ್ಡದಾಗಿ ಕಾಣುತ್ತದೆ. ಇದರ ಸುತ್ತಲೇ ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಒಂದು ಲೆಕ್ಕದ ಪದ್ಧತಿಯನ್ನೇ ಕಟ್ಟಿದೆ. 32 ವರ್ಷದ ಒಬ್ಬ ಮನುಷ್ಯ, ಸ್ವಂತ ಅಂಗಡಿ, ತಿಂಗಳಿಗೆ 25,000 ದುಡಿಮೆ, ಮನೆಯಲ್ಲಿ ನಂಬಿದವರು ನಾಲ್ವರು ಎಂದಿಟ್ಟುಕೊಳ್ಳಿ. ಮುಂದೆ ದುಡಿಮೆ ಏರುತ್ತಿತ್ತು ಅಂತ ಶೇ. 40 ಸೇರಿಸಿದರೆ 35,000, ವರ್ಷಕ್ಕೆ 4,20,000. ಅವನ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆದರೆ 3,15,000. ಆ ವಯಸ್ಸಿಗೆ ಗೊತ್ತುಪಡಿಸಿದ ಗುಣಕ 16. ಒಟ್ಟು 50,40,000. ಅಂತ್ಯಕ್ರಿಯೆ ವಗೈರೆ ಬೇರೆ.

ಈಗ ತಿಳಿಯಿತಲ್ಲ, ಐವತ್ತು ಲಕ್ಷ ಯಾಕೆ ಜಾಸ್ತಿಯಲ್ಲ ಅಂತ. ಅದು ಒಂದು ಸಾಧಾರಣ ಸಂಸಾರ ಕಳೆದುಕೊಂಡ ದುಡಿಮೆಯ ಲೆಕ್ಕ, ಅಷ್ಟೇ. ಅದೇ ಮನುಷ್ಯ ಲಾರಿಗೆ ಸಿಕ್ಕರೆ ಅವನ ಹೆಂಡತಿ ಹಕ್ಕಿನಿಂದ ಕೇಳಬಹುದು. ಬಾಂಬಿಗೆ ಸಿಕ್ಕರೆ ಅನುಗ್ರಹಕ್ಕೆ ಕಾಯಬೇಕು.

ಬಾಂಬಿನ ಸಾವಿಗೆ ಹಕ್ಕು ಬರೆಯುವುದು ನಮ್ಮ ಕಾನೂನಿಗೆ ಬಾರದ ವಿದ್ಯೆಯೂ ಅಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ ರೈಲಿನಲ್ಲೋ ನಿಲ್ದಾಣದಲ್ಲೋ ನಡೆಯುವ ಭಯೋತ್ಪಾದಕ ಕೃತ್ಯವನ್ನು ‘ಅಹಿತಕರ ಘಟನೆ’ಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಟಿಕೆಟ್ ಇದ್ದ ಪ್ರಯಾಣಿಕ ಸತ್ತರೆ ತಪ್ಪು ಯಾರದು ಎಂದು ಸಾಬೀತು ಮಾಡದೆಯೇ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಹೋಗಬಹುದು. 2017ರಿಂದ ಮೊತ್ತ 8 ಲಕ್ಷ. ಅದೂ ಸಾಲದು, ಆದರೆ ಅದು ಅವರದೇ ದುಡ್ಡು. ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡವರಿಗೂ ಇದು ಅನ್ವಯಿಸುತ್ತದೆ. ಪುಣೆ ಸ್ಟೇಷನ್ನಿನಿಂದ ಜರ್ಮನ್ ಬೇಕರಿಗೆ ಆಟೋದಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷದ ದಾರಿಯಲ್ಲಿ ಹಕ್ಕು ಹೋಗಿ ಅನುಗ್ರಹ ಆಗುತ್ತದೆ.

ಇನ್ನೂ ಒಂದು ವಿಚಿತ್ರ. ಅಮೆರಿಕದ 9/11 ದಾಳಿಯ ನಂತರ ವಿದೇಶಿ ಮರುವಿಮಾ ಕಂಪನಿಗಳು ಭಯೋತ್ಪಾದನೆಯ ಅಪಾಯದಿಂದ ಹಿಂದೆ ಸರಿದಾಗ, 2002ರಲ್ಲಿ ನಮ್ಮ ವಿಮಾ ಕಂಪನಿಗಳು ಜಿಐಸಿಯ ಮುಂದಾಳತ್ವದಲ್ಲಿ ಒಂದು ಸಾಮೂಹಿಕ ನಿಧಿ ಮಾಡಿಕೊಂಡವು. ಕಾರ್ಖಾನೆ, ಕಟ್ಟಡ, ಗೋದಾಮುಗಳಿಗೆ ರಕ್ಷಣೆ ಸಿಕ್ಕಿತು. ಒಳ್ಳೆಯದೇ. ಕಟ್ಟಡದೊಳಗೆ ಕಾಫಿ ಕುಡಿಯುತ್ತಿದ್ದವರಿಗೆ ಅಂಥದ್ದೊಂದನ್ನು ಯಾರೂ ಮಾಡಲಿಲ್ಲ. ಫ್ರಾನ್ಸ್ 1986ರಲ್ಲೇ ಮಾಡಿದೆ: ಆಸ್ತಿ ವಿಮೆಯ ಪ್ರತಿ ಪಾಲಿಸಿಯ ಮೇಲೆ ಕೆಲವೇ ಯುರೋಗಳ ವಂತಿಗೆ, ಅದರಿಂದ ಭಯೋತ್ಪಾದನೆಗೆ ತುತ್ತಾದವರ ನಿಧಿ. ಬೊಕ್ಕಸದಲ್ಲಿ ದುಡ್ಡೆಲ್ಲಿದೆ ಎಂದು ಕೇಳುವವರು ಇದನ್ನು ನೋಡಬಹುದು.

ಆಕ್ಷೇಪಗಳಲ್ಲಿ ನನಗೆ ತೂಕದ್ದೆನಿಸುವುದು ಒಂದೇ. 2019ರ ಜೂನ್‌ನಲ್ಲಿ ಇದೇ ಪುಣೆಯ ಕೊಂಢ್ವಾದಲ್ಲಿ ಅಪಾರ್ಟ್‌ಮೆಂಟಿನ ಗೋಡೆ ಕುಸಿದು, ಪಕ್ಕದ ಶೆಡ್ಡುಗಳಲ್ಲಿ ಮಲಗಿದ್ದ 15 ಜನ ಸತ್ತರು. ಕಟ್ಟಡ ಕಾರ್ಮಿಕರು, ಅವರ ಮಕ್ಕಳು. ಅವರ ಸಾವಿಗಿಂತ ಬಾಂಬಿನ ಸಾವು ಯಾಕೆ ಬೇರೆ? ಸಾವು ಬೇರೆಯಲ್ಲ. ಆದರೆ ಗೋಡೆಗೆ ಒಬ್ಬ ಬಿಲ್ಡರ್ ಇರುತ್ತಾನೆ, ಲಾರಿಗೆ ವಿಮಾ ಕಂಪನಿ ಇರುತ್ತದೆ. ಕೊನೆಗೆ ಕೇಳಲು ಒಂದು ಬಾಗಿಲು ಇರುತ್ತದೆ. ಬಾಂಬ್ ಇಟ್ಟವನಿಗೆ ಬೇಕರಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದು ಬೇಡ. ಅವನ ಗುರಿ ಇಡೀ ದೇಶ, ಆ ಮೇಜಿನಲ್ಲಿ ಕೂತವರು ನಮ್ಮೆಲ್ಲರ ಬದಲಿಗೆ ಸತ್ತವರು. ಹಾಗಾಗಿ ನಷ್ಟವನ್ನೂ ನಾವೆಲ್ಲ ಹಂಚಿಕೊಳ್ಳಬೇಕು, ರಾಜ್ಯ ರಾಜ್ಯಗಳ ಔದಾರ್ಯಕ್ಕೆ ಬಿಡಬಾರದು.

ಮೋಟಾರು ಕಾಯ್ದೆಯ ಸೂತ್ರವನ್ನು ಹಾಗೇ ಎತ್ತಿ ತರಬೇಕೆಂದೂ ನಾನು ಹೇಳುವುದಿಲ್ಲ. ಆ ಗುಣಾಕಾರದಲ್ಲಿ ಸಂಬಳ ಹೆಚ್ಚಿದ್ದವನ ಜೀವಕ್ಕೆ ಬೆಲೆ ಹೆಚ್ಚು, ಮನೆವಾರ್ತೆ ನೋಡುವ ಹೆಂಗಸಿಗೂ ಇಪ್ಪತ್ತರ ವಿದ್ಯಾರ್ಥಿಗೂ ಬರುವುದು ಊಹೆಯ ಆದಾಯ. ಅಮೆರಿಕದಲ್ಲಿ 9/11 ಕುಟುಂಬಗಳಿಗೆ ಆದಾಯ ನೋಡಿ ಹಣ ಹಂಚಿದ ಕೆನೆತ್ ಫೈನ್‌ಬರ್ಗ್, ಎಲ್ಲ ಮುಗಿದ ಮೇಲೆ, ಎಲ್ಲರಿಗೂ ಸಮನಾಗಿ ಕೊಡಬೇಕಿತ್ತು ಎಂಬ ಅಭಿಪ್ರಾಯಕ್ಕೆ ಬಂದರು. ನನಗೆ ಸರಿ ಕಾಣುವುದು ಇಷ್ಟು: ದೇಶಕ್ಕೆಲ್ಲ ಒಂದೇ ಕನಿಷ್ಠ ಮೊತ್ತ, ಸಂಸತ್ತಿನ ಕಾಯ್ದೆಯಲ್ಲಿ ಬರೆದದ್ದು, ಬೆಲೆ ಏರಿದಂತೆ ತಾನೇ ಏರುವಂಥದ್ದು. ಅದರ ಮೇಲೆ ನಂಬಿದವರು ಎಷ್ಟು ಜನ ಎಂದು ನೋಡಿ ಹೆಚ್ಚುವರಿ. ಮುಖ್ಯಮಂತ್ರಿಗಳು ಬೇಕಾದರೆ ಆಮೇಲೆ ತಮ್ಮದನ್ನೂ ಸೇರಿಸಲಿ.

ಅಲ್ಲಿಯವರೆಗೆ ಇರುವುದನ್ನು ಬಳಸಿಕೊಳ್ಳಬೇಕು. ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 396, ಎಲ್ಲ ಅಪರಾಧಗಳ ಸಂತ್ರಸ್ತರಿಗೂ ಅನ್ವಯಿಸುತ್ತದೆ. ಅಪರಾಧಿ ಯಾರೆಂದೇ ಪತ್ತೆಯಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಅರ್ಜಿ ಹಾಕಬಹುದು. ಕರ್ನಾಟಕ ಇದಕ್ಕೆ 2011ರಲ್ಲಿ, ಮಹಾರಾಷ್ಟ್ರ 2014ರಲ್ಲಿ ತಮ್ಮ ತಮ್ಮ ಯೋಜನೆ ಮಾಡಿವೆ. ಮೊತ್ತ ಇಲ್ಲಿಯೂ ರಾಜ್ಯಕ್ಕೊಂದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಪುಣೆಯಲ್ಲಿ ಅದು ಶಿವಾಜಿನಗರದ ಕೋರ್ಟ್ ಆವರಣದಲ್ಲಿದೆ. ಅರ್ಜಿದಾರರು ಹೆಂಗಸರಾಗಿದ್ದರೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಅವರೇ ಉಚಿತವಾಗಿ ಕೊಡಬೇಕು.